ಟರ್ಮಿನಲ್‌ನಲ್ಲಿ ಕನ್ನಡ ಕೆಟ್ಟು ಕಂಡರೆ

ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಕನ್ನಡ ಸರಿಯಾಗಿ ಕಾಣದಿದ್ದರೆ ತಕ್ಷಣ ಫಾಂಟ್ ಹುಡುಕಲು ಹೊರಡಬೇಡಿ. ಮೊದಲು ಅಕ್ಷರ ಹೇಗೆ ಕೆಟ್ಟಿದೆ ನೋಡಿ. ‘ಇಕೋ’ ಕಮಾಂಡ್ ಕೊಟ್ಟು ‘ಮಲ್ಲೇಶ್ವರ ಬನ್ನೇರುಘಟ್ಟ ಅರ್ಕಾವತಿ ರಾಷ್ಟ್ರ’ ಎಂಬ ಸಾಲು ಮೂಡಿಸಿ. ದೀರ್ಘ, ಒತ್ತು, ಅರ್ಕಾವೊತ್ತು, ಒತ್ತಿನ ಮೇಲೊಂದು ಒತ್ತು ಎಲ್ಲವೂ ಇದರಲ್ಲಿವೆ. ಇಲ್ಲಿ ಹೇಳುವುದು ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್‌ಗಳಿಗೆ.

ಖಾಲಿ ಚೌಕಗಳು ಕಂಡರೆ ಫಾಂಟೇ ಇಲ್ಲ ಎಂದರ್ಥ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿ ತಂದ ಡೆಸ್ಕ್‌ಟಾಪ್‌ಗೆ ಬೇಕಾದಷ್ಟೇ ಪ್ಯಾಕೇಜ್ ಹಾಕಿಕೊಂಡಾಗ ಹೀಗಾಗಬಹುದು. ಫಾಂಟ್‌ಗಳ ಪಟ್ಟಿ ಕೊಡುವ ‘ಎಫ್‌ಸಿ-ಲಿಸ್ಟ್’ ಕಮಾಂಡ್‌ಗೆ ಭಾಷೆಯಾಗಿ ‘ಕೆ ಎನ್’ ಕೊಟ್ಟಾಗ ಏನೂ ಬರದಿದ್ದರೆ ಅನುಮಾನವೇ ಬೇಡ. ‘ಫಾಂಟ್ಸ್’, ಅಡ್ಡಗೆರೆ, ‘ಕೆ ಎನ್ ಡಿ ಎ’ ಎಂಬ ಪ್ಯಾಕೇಜನ್ನು ‘ಆಪ್ಟ್’ ಕಮಾಂಡ್‌ನಿಂದ ಹಾಕಿಕೊಳ್ಳಿ. ಲೋಹಿತ್, ಗುಬ್ಬಿ, ನವಿಲು ಎಂಬ ಮೂರೂ ಕನ್ನಡ ಫಾಂಟ್ ಬರುತ್ತವೆ. ಆಮೇಲೆ ಫಾಂಟ್ ಪಟ್ಟಿಯನ್ನು ಹೊಸದಾಗಿಸುವ ‘ಎಫ್‌ಸಿ-ಕ್ಯಾಶ್’ ಓಡಿಸಿ. ಗ್ನೋಮ್ ಟರ್ಮಿನಲ್‌ನ ಎಲ್ಲ ಕಿಟಕಿಗಳ ಹಿಂದೆ ಇರುವುದು ಒಂದೇ ಪ್ರೋಸೆಸ್. ಹಾಗಾಗಿ ಒಂದು ಕಿಟಕಿ ಮುಚ್ಚಿದರೆ ಸಾಲದು, ಎಲ್ಲವನ್ನೂ ಮುಚ್ಚಿ ತೆರೆಯಿರಿ.

ಟರ್ಮಿನಲ್‌ನ ಮುಖ್ಯ ಫಾಂಟ್ ಆಗಿ ಲೋಹಿತ್ ಅಥವಾ ನವಿಲು ಆರಿಸಬೇಡಿ. ಅವುಗಳ ಅಕ್ಷರಗಳು ಸಮ ಅಗಲದವಲ್ಲ, ಆದ್ದರಿಂದ ಇಂಗ್ಲಿಷ್ ಅಕ್ಷರಗಳ ನಡುವೆ ವಿಪರೀತ ಜಾಗ ಬೀಳುತ್ತದೆ. ಸಮ ಅಗಲದ ಇಂಗ್ಲಿಷ್ ಫಾಂಟ್ ದೇಜಾವು ಸ್ಯಾನ್ಸ್ ಮೋನೋ ಮುಖ್ಯವಾಗಿರಲಿ. ಅದರಲ್ಲಿ ಕನ್ನಡವಿಲ್ಲದ ಕಾರಣ ಫಾಂಟ್ ಆರಿಸಿಕೊಡುವ ಫಾಂಟ್‌ಕಾನ್ಫಿಗ್ ವ್ಯವಸ್ಥೆ ತಾನೇ ಕನ್ನಡ ಫಾಂಟಿನಿಂದ ಅಕ್ಷರ ತರುತ್ತದೆ.

ಅಕ್ಷರ ಸರಿಯಿದ್ದು ‘ಲ್ಲೇ’, ‘ಷ್ಟ್ರ’ಗಳ ಒತ್ತು ಮಾತ್ರ ತಳದಲ್ಲಿ ಕತ್ತರಿಸಿಹೋಗಿದೆಯೇ? ಸಾಲಿನ ಎತ್ತರ ಸಾಲದಿರಬಹುದು. ಗ್ನೋಮ್ ಟರ್ಮಿನಲ್‌ನ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಸೆಲ್ ಸ್ಪೇಸಿಂಗ್‌ನ ಎತ್ತರವನ್ನು 1.0ರಿಂದ 1.2ಕ್ಕೆ, ಸಾಲದಿದ್ದರೆ 1.3ಕ್ಕೆ ಏರಿಸಿ. ಅಗಲವನ್ನು ಮುಟ್ಟಬೇಡಿ.

ಕಡತದ ಹೆಸರಿನಲ್ಲಿ ‘ಕ’ ಬದಲು 340, 262, 225 ಎಂಬ ಅಂಕಿಗಳು ಹಿಂಬಾಗಿದ ಗೆರೆಗಳೊಂದಿಗೆ ಬಂದರೆ ತಪ್ಪು ಲೊಕೇಲ್‌ನದು, ಅಂದರೆ ಭಾಷೆ ಮತ್ತು ಅಕ್ಷರ ಸಂಕೇತದ ಸೆಟ್ಟಿಂಗ್‌ನದು. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ಅವನ್ನೇ ಅಷ್ಟಮಾನದಲ್ಲಿ, ಅಂದರೆ ಎಂಟರ ಆಧಾರದ ಎಣಿಕೆಯಲ್ಲಿ, ಬರೆದಾಗ ಹೀಗೆ ಕಾಣುತ್ತದೆ. ‘ಲೊಕೇಲ್ ಚಾರ್‌ಮ್ಯಾಪ್’ ಕಮಾಂಡ್‌ಗೆ ಯುಟಿಎಫ್-8 ಎಂಬ ಉತ್ತರ ಬರಬೇಕು. ಬಾರದಿದ್ದರೆ ‘ಡಿಪಿಕೆಜಿ-ರೀಕಾನ್ಫಿಗರ್ ಲೊಕೇಲ್ಸ್’ ಓಡಿಸಿ ಕನ್ನಡದ್ದೋ ಭಾರತೀಯ ಇಂಗ್ಲಿಷಿನದೋ ಯುಟಿಎಫ್-8 ಲೊಕೇಲ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ದೂರದ ಸರ್ವರ್‌ಗೆ ಸೇರಿಸುವ ಎಸ್‌ಎಸ್‌ಎಚ್‌ನಲ್ಲಿ ಕೆಲಸ ಮಾಡುವಾಗ ಲೊಕೇಲ್ ಸರಿಯಿರಬೇಕಾದದ್ದು ಸರ್ವರ್‌ನಲ್ಲಿ, ಫಾಂಟ್ ಇರಬೇಕಾದದ್ದು ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ. ಕಡತಗಳ ಬದಲಾವಣೆ ದಾಖಲಿಸುವ ಗಿಟ್‌ನಲ್ಲಷ್ಟೇ ಅಂಕಿಗಳು ಕಂಡರೆ ಅದರ ‘ಕೋರ್ ಕೋಟ್‌ಪಾತ್’ ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಸಾಕು.

ಹಳೆಯ ಕಡತ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ ಅದು ಬಹುಶಃ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದರೊಳಗೆ ಇರುವುದೇ ರೋಮನ್ ಸಂಕೇತಗಳು. ಯಾವ ಯೂನಿಕೋಡ್ ಫಾಂಟ್ ಹಾಕಿದರೂ ಫಲವಿಲ್ಲ, ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳಲೇಬೇಕು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ ತಪ್ಪಿದರೆ ಹೋಲಿಸಿ ನೋಡಲು ಬೇಕಾಗುತ್ತದೆ.

ನಿಜವಾಗಿ ಕಷ್ಟದ್ದು ‘ಅರ್ಕಾವತಿ’ ಬಿಡಿಬಿಡಿಯಾಗಿ ‘ರ್’ ಬೇರೆ, ‘ಕಾ’ ಬೇರೆ ಕಾಣುವುದು. ಟರ್ಮಿನಲ್ ಪರದೆಯನ್ನು ಸಮ ಅಗಲದ ಮನೆಗಳಾಗಿ ಹಂಚುತ್ತದೆ, ಕನ್ನಡದ ಒಂದು ಅಕ್ಷರವೋ ಹಲವು ಸಂಕೇತ ಕೂಡಿ ಆಗುವಂಥದ್ದು. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ ಈ ಕೂಡಿಸುವ ಕೆಲಸ ಮಾಡುವುದಿಲ್ಲ. ಎಂಎಲ್‌ಟರ್ಮ್ ಎಂಬ ಬೇರೆ ಟರ್ಮಿನಲ್ ಹಾಕಿಕೊಂಡು ಅದರ ಸೆಟ್ಟಿಂಗ್‌ನಲ್ಲಿ ಓಪನ್‌ಟೈಪ್ ಲೇಔಟ್ ಮತ್ತು ಬದಲಾಗುವ ಕಾಲಂ ಅಗಲ ಎರಡನ್ನೂ ಚಾಲೂ ಮಾಡಿ. ಆಗಲೂ ವಿಮ್‌ನಂಥ ಎಡಿಟರ್‌ನಲ್ಲಿ ಕರ್ಸರ್ ಒಂದೆರಡು ಮನೆ ಆಚೀಚೆ ನಿಲ್ಲಬಹುದು, ಏಕೆಂದರೆ ಎಡಿಟರ್ ಎಣಿಸುವ ಅಗಲಕ್ಕೂ ಪರದೆಯ ಅಗಲಕ್ಕೂ ತಾಳೆಯಾಗುವುದಿಲ್ಲ. ಉದ್ದದ ಕನ್ನಡ ಬರಹ ತಿದ್ದಲು ಜಿಎಡಿಟ್‌ನಂಥ ಎಡಿಟರೇ ಲೇಸು.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಪ್ಪು ಕನ್ಸೋಲ್‌ನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಕೂಡಿಸುವ ವ್ಯವಸ್ಥೆಯೂ ಇಲ್ಲ. ಅಲ್ಲಿ ಲೊಕೇಲನ್ನು ಇಂಗ್ಲಿಷಿಗೆ ಇಟ್ಟು ಕೆಲಸ ಮುಗಿಸಿಕೊಳ್ಳಿ.