ಎಣ್ಣೆ ಕುಡಿದ ಕೆಸರಿನಲ್ಲಿ ಕಾಂಡ್ಲಾ ನೆಡುವ ಮುನ್ನ: ನನ್ನ ಅನುಭವ

ನೈಜೀರಿಯಾದ ನೈಜರ್ ನದಿಯ ಮುಖಜಭೂಮಿಯಲ್ಲಿ ಕದ್ದ ಕಚ್ಚಾತೈಲವನ್ನು ಹೊಳೆದಂಡೆಯಲ್ಲೇ ಕುದಿಸಿ ಡೀಸೆಲ್, ಸೀಮೆಎಣ್ಣೆ ಇಳಿಸುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ‘ಕ್ಪೋಫೈರ್’. ಉಳಿದ ಡಾಂಬರಿನಂಥ ಗಸಿ ಕೆಸರಿಗೆ, ನೀರಿಗೆ ಸೇರುತ್ತದೆ. ಅದು ಬೇರುಗಳ ಉಸಿರುರಂಧ್ರಗಳನ್ನು ಮುಚ್ಚಿದರೆ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ, ನಿಂತಲ್ಲೇ ಒಣಗುತ್ತದೆ.

ಇಂಥ ಜಾಗದಲ್ಲಿ ಮೊದಲು ಸಸಿ ತರಬಾರದು, ಗುಂಡಿ ತೋಡಬೇಕು. ಇಳಿತದ ಹೊತ್ತಿಗೆ ಮೊಣಕೈ ಆಳ ತೋಡಿ, ನೀರು ಒಸರುವವರೆಗೆ ಕಾಯುತ್ತೇನೆ. ನೀರಿನ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ ಕಡ್ಡಿಯಿಂದ ಕಲಕುತ್ತೇನೆ. ಬಿಲ್ಲೆಬಿಲ್ಲೆಯಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಪೊರೆ. ಮತ್ತೆ ಕೂಡಿಕೊಂಡರೆ ಎಣ್ಣೆ. ಮೇಲ್ಪದರ ನಂಬಿ ಕೆಡಬೇಡಿ. ಏಡಿಬಿಲಗಳ ಮೂಲಕ ಎಣ್ಣೆ ಕೆಳಗಿಳಿಯುತ್ತದೆ, ಗಾಳಿಯಾಡದ ಕೆಸರಿನಲ್ಲಿ ವರ್ಷಗಟ್ಟಲೆ ಕೊಳೆಯದೆ ಕೂರುತ್ತದೆ. ಇದೇ ಮುಖಜಭೂಮಿಯ ಓಗೋನಿ ನಾಡಿನ ಕುರಿತ ವಿಶ್ವಸಂಸ್ಥೆಯ 2011ರ ವರದಿಯಲ್ಲಿ 5 ಮೀಟರ್ ಆಳದಲ್ಲೂ ಹೈಡ್ರೋಕಾರ್ಬನ್ (ಕಚ್ಚಾತೈಲದ ಅಂಶ) ಕಂಡದ್ದು ದಾಖಲಾಗಿದೆ.

ಲ್ಯಾಬ್ ಪರೀಕ್ಷೆಗೆ ಕೆಸರಿನ ಮಾದರಿಯನ್ನು ಸ್ಟೀಲ್ ಕೊಳವೆಯಲ್ಲಿ ತೆಗೆದು ಗಾಜಿನ ಜಾಡಿಗೆ ತುಂಬಿ, ಐಸ್‌ಪೆಟ್ಟಿಗೆಯಲ್ಲಿಡಬೇಕು. ಪ್ಲಾಸ್ಟಿಕ್ ಡಬ್ಬಿ ಬೇಡ, ಎಣ್ಣೆಯನ್ನು ಅದೇ ಹೀರಿಕೊಳ್ಳುತ್ತದೆ. ಪ್ರತಿ ಗುಂಡಿಗೂ ಕೊಳವೆ ಸೋಪಿನಲ್ಲಿ ತೊಳೆಯಿರಿ. ದೋಣಿಯ ಪೆಟ್ರೋಲ್ ಕ್ಯಾನ್ ಪಕ್ಕ ಜಾಡಿ ಇಟ್ಟರೆ ದಿನದ ಕೆಲಸವೆಲ್ಲ ಹಾಳು! ಅಲ್ಲಿನ ನಿಯಮದಂತೆ ಕಿಲೋ ಮಣ್ಣಿಗೆ 5,000 ಮಿಲಿಗ್ರಾಂ ಎಣ್ಣೆ ದಾಟಿದರೆ ಶುದ್ಧೀಕರಣ ಕಡ್ಡಾಯ.

ಎಣ್ಣೆ ಹಿಡಿದ ಕೆಸರು ತೊಳೆಯುವಾಗ ನೀರು ಹೆಚ್ಚು, ಒತ್ತಡ ಕಡಿಮೆ. ಜೋರಾಗಿ ಹಾಯಿಸಿದರೆ ಎಣ್ಣೆ ಇನ್ನೂ ಆಳಕ್ಕಿಳಿಯುತ್ತದೆ, ಬದುಕಿದ ಬೇರೂ ಕಿತ್ತುಬರುತ್ತದೆ. ತೇಲಿ ಬಂದ ಎಣ್ಣೆಯನ್ನು ಹೊಳೆಯಲ್ಲಿ ಕಟ್ಟಿದ ತೇಲುಬೇಲಿಯೊಳಗೆ ತಡೆದು ಎತ್ತಬೇಕು. ಭಟ್ಟಿಯಿದ್ದ ಜಾಗದ ಸುಟ್ಟ ಹೆಪ್ಪು ತೊಳೆದರೆ ಹೋಗದು, ಸಲಿಕೆಯಿಂದಲೇ ಅಗೆದು ಸಾಗಿಸಬೇಕು. ಹರಡಿ ಮುಚ್ಚುವವರೂ ಇದ್ದಾರೆ. ಅದು ಕಣ್ಣೊರೆಸುವ ಕೆಲಸ.

ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ನೀಪಾ ತಾಳೆ. ಏಷ್ಯಾದಿಂದ ಹೋದ ಗಿಡ ಅದು. ಕಾಂಡ ಕೆಸರೊಳಗೇ ಇರುವುದರಿಂದ ಗರಿ ಕಡಿದರೆ ಮತ್ತೆ ಚಿಗುರುತ್ತದೆ, ಗಡ್ಡೆ ಸಮೇತ ಕೀಳಬೇಕು.

ನೆಡಲು ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಕೋಡುಗಳಲ್ಲಿ (ಮರದಲ್ಲೇ ಮೊಳೆತ ಉದ್ದ ಬೀಜ) ಮೆಲ್ಲಗೆ ಎಳೆದರೆ ಕಳಚಿಬರುವವನ್ನೇ ಆರಿಸುತ್ತೇನೆ. ಹುಳ ಕೊರೆದ ತೂತಿದ್ದರೆ ಎಸೆಯುತ್ತೇನೆ. ಚೂಪು ತುದಿ ಕೆಳಗೆ, ಮೂರನೇ ಒಂದು ಭಾಗ ಕೆಸರಿಗೆ, ಮೀಟರಿಗೊಂದು. ಅದಕ್ಕೂ ಮೊದಲು ಗೂಟಗಳಿಗೆ ಬಿಳಿ ಬಟ್ಟೆ ಕಟ್ಟಿ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಎರಡೂ ಹಾಯಲು ಬಿಡುತ್ತೇನೆ. ಬಟ್ಟೆಗೆ ಕಪ್ಪು ಗೆರೆ ಬಿದ್ದರೆ ಮೇಲ್ಹೊಳೆಯಲ್ಲಿ ಭಟ್ಟಿ ಇನ್ನೂ ಉರಿಯುತ್ತಿದೆ ಎಂದು ಲೆಕ್ಕ. ಗೆರೆ ಬೀಳುವುದು ನಿಲ್ಲುವವರೆಗೆ ಸಸಿ ನರ್ಸರಿ ಚೀಲದಲ್ಲೇ ಇರಲಿ.