ಡಿಸ್ಕ್ ಸರಿಯಿದೆ, ಡ್ರೈವರ್ ಜೊತೆಗಿಲ್ಲ: ಅರ್ಧಕ್ಕೆ ನಿಂತ ಲಿನಕ್ಸ್ ಬೂಟನ್ನು ಮುಂದಕ್ಕೆ ಸಾಗಿಸುವುದು

ಸುಂಟಿಕೊಪ್ಪದ ಹತ್ತಿರ ಕಾಫಿ ತೋಟವೊಂದರಲ್ಲಿ ನಾನು ಲೆಕ್ಕ ಬರೆಯುವ ರೈಟರ್. ಆಳುಗಳ ಚೆಕ್‌ರೋಲ್, ವಾರದ ಬಟವಾಡೆ, ಕಣದಿಂದ ಹೋಗುವ ಮೂಟೆಗಳ ಲೆಕ್ಕ ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಒಂದೇ ಡೆಸ್ಕ್‌ಟಾಪಿನಲ್ಲಿತ್ತು. ಮೇ ತಿಂಗಳ ಸಿಡಿಲಿಗೆ ಅದರ ಮದರ್‌ಬೋರ್ಡ್ ಹೋಯಿತು, ಎಸ್‌ಎಸ್‌ಡಿ ಉಳಿಯಿತು. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ ಆಫೀಸಿನ ಹಳೆ ಲ್ಯಾಪ್‌ಟಾಪಿನಲ್ಲಿ ಬೂಟ್ ಮಾಡಿದೆ. ಬೂಟ್ ಶುರುಮಾಡುವ ಗ್ರಬ್ ಬಂತು, ಲಿನಕ್ಸಿನ ತಿರುಳಾದ ಕರ್ನಲ್‌ನ ಸಾಲುಗಳು ಓಡಿದವು. ಆಮೇಲೆ ಸಿಸ್ಟಮ್ ಇರುವ ರೂಟ್ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಸಿಗುತ್ತಿಲ್ಲ ಎಂಬ ಎಚ್ಚರಿಕೆ. ಕೆಳಗೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್ ಮಿಣುಕುತ್ತಿತ್ತು. ಬೆಳಗಾದರೆ ಶನಿವಾರ, ಬಟವಾಡೆ.

ಇಲ್ಲಿ ಸಿಕ್ಕಿಬಿದ್ದವರು ದಯವಿಟ್ಟು ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಗ್ರಬ್ ಡಿಸ್ಕನ್ನು ಓದುವುದು ಮದರ್‌ಬೋರ್ಡಿನಲ್ಲೇ ಇರುವ ಬಯೋಸ್ ನೆರವಿನಿಂದ. ಅದು ಕರ್ನಲನ್ನೂ ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟನ್ನೂ ಮೆಮೊರಿಗೆ ತಂದಿಟ್ಟು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದಾಚೆಗೆ ಕರ್ನಲ್‌ಗೆ ಸ್ವಂತ ಡ್ರೈವರ್ ಬೇಕು. ಅದು ಗಂಟಿನಲ್ಲಿ ಇಲ್ಲದಿದ್ದರೆ ಡಿಸ್ಕ್ ಎದುರಿಗಿದ್ದರೂ ಕಾಣುವುದಿಲ್ಲ.

ನನ್ನ ಗಂಟು ಚಿಕ್ಕದಾಗಿತ್ತು. ಡೆಬಿಯನ್ ಹಾಕುವಾಗ ಎಲ್ಲ ಡ್ರೈವರ್ ಸೇರಿಸಲೋ, ಈ ಯಂತ್ರಕ್ಕೆ ಬೇಕಾದಷ್ಟೇ ಸಾಕೋ ಎಂದು ಕೇಳಿದಾಗ ನಾನು ಎರಡನೆಯದನ್ನು ಆರಿಸಿದ್ದೆ. ಹಾಗಾಗಿ ಅದರಲ್ಲಿ ಕಂಪ್ಯೂಟರಿನೊಳಗೆ ಡಿಸ್ಕ್ ಜೋಡಿಸುವ ಸಾಟಾದ ಡ್ರೈವರ್ ಇತ್ತು, ಯುಎಸ್‌ಬಿ ಡಿಸ್ಕಿನದು ಇರಲಿಲ್ಲ.

ಪ್ರಾಂಪ್ಟಿನಲ್ಲಿ ಮೊದಲು 'ಬಿಎಲ್‌ಕೆಐಡಿ' ಕೊಟ್ಟು ಡಿಸ್ಕ್ ಕಾಣುತ್ತದೆಯೇ ನೋಡಿ. ಕಂಡರೆ ಅದು ತಡವಾಗಿ ಎದ್ದಿದೆ ಅಷ್ಟೆ. ಗ್ರಬ್‌ನಲ್ಲಿ ಕರ್ನಲ್ ಸಾಲಿನ ಕೊನೆಗೆ 'ರೂಟ್‌ಡಿಲೇ=10' (ಹತ್ತು ಸೆಕೆಂಡ್ ಕಾಯಿ) ಎಂದು ಸೇರಿಸಿದರೆ ಸಾಕಾಗಬಹುದು. ಕಾಣದಿದ್ದರೆ ಡ್ರೈವರನ್ನು ಮೆಮೊರಿಗೆ ಏರಿಸುವ 'ಮಾಡ್‌ಪ್ರೋಬ್' ಜೊತೆ ಯುಎಸ್‌ಬಿ-ಸ್ಟೋರೇಜ್ ಹೆಸರು ಕೊಡಿ. ಮಾಡ್ಯೂಲ್ (ಡ್ರೈವರಿನ ಫೈಲು) ಸಿಗಲಿಲ್ಲ ಎಂದರೆ ಅದು ಗಂಟಿನಲ್ಲೇ ಇಲ್ಲ.

ನನ್ನನ್ನು ನಿಜವಾಗಿ ಕಾಡಿದ್ದು ಮುಂದಿನ ಹಂತ. ಕುಶಾಲನಗರದ ನೆಂಟರ ಮನೆಯ ಹೊಸ ಕಂಪ್ಯೂಟರಿಗೆ ಡಿಸ್ಕ್ ಒಯ್ದು, ಯುಎಸ್‌ಬಿ-ಸ್ಟೋರೇಜ್ ಮತ್ತು ಯುಎಸ್‌ಬಿ ಡಿಸ್ಕಿನ ಇನ್ನೊಂದು ಡ್ರೈವರ್ ಯುಎಎಸ್ ಸೇರಿಸಿ ಗಂಟು ಕಟ್ಟಿಸಿ ತಂದೆ. ತೋಟದಲ್ಲಿ ಮತ್ತೆ ಅದೇ ಪ್ರಾಂಪ್ಟ್. ಈ ಸಲ ಮಾಡ್‌ಪ್ರೋಬ್ ಚಕಾರವೆತ್ತದೆ ಮಾಡ್ಯೂಲ್ ಏರಿಸಿತು, ಆದರೂ ಡಿಸ್ಕ್ ಬರಲಿಲ್ಲ.

ಕಾರಣ ಇದು. ಯಾವ ಮಾಡ್ಯೂಲ್‌ಗೆ ಯಾವುದು ಬೇಕೆಂಬ ಪಟ್ಟಿಯನ್ನು 'ಡೆಪ್‌ಮಾಡ್' ಕಟ್ಟುತ್ತದೆ. ಒಂದು ಮಾಡ್ಯೂಲ್ ಇನ್ನೊಂದರ ಯಾವ ಫಂಕ್ಷನ್‌ಗಳನ್ನು ಬಳಸುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಯುಎಎಸ್ ಕೇಳಿದರೆ ಯುಎಸ್‌ಬಿ-ಸ್ಟೋರೇಜ್ ತಾನಾಗಿ ಬರುತ್ತದೆ. ಆದರೆ ಆ ಡಿಸ್ಕ್ ಚುಚ್ಚಿದ ಪೋರ್ಟನ್ನು ನಡೆಸುವ ಕಂಟ್ರೋಲರ್ ಚಿಪ್ ಯಾವುದೆಂದು ಪಟ್ಟಿಗೆ ತಿಳಿಯದು. ಹೊಸ ಕಂಪ್ಯೂಟರಿನಲ್ಲಿ ಅದು ಎಕ್ಸ್‌ಎಚ್‌ಸಿಐ. ನಮ್ಮ ಯುಎಸ್‌ಬಿ 2 ಲ್ಯಾಪ್‌ಟಾಪಿನಲ್ಲಿ ಇಎಚ್‌ಸಿಐ, ಅದರ ಡ್ರೈವರ್ ಗಂಟಿನಲ್ಲಿರಲಿಲ್ಲ. ಗದ್ದೆಗೆ ನೀರು ಹಾಯಿಸಲು ಕಾಲುವೆ ತೋಡಿದ್ದೆ, ತೂಬು ತೆಗೆದಿರಲಿಲ್ಲ.

ಆದ್ದರಿಂದ ಹೆಸರುಗಳನ್ನು ಊಹಿಸಬೇಡಿ. ಯಾವ ಯಂತ್ರದಲ್ಲಿ ಓಡಬೇಕೋ ಅದೇ ಯಂತ್ರವನ್ನು ಲೈವ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಡಿಸ್ಕ್ ಚುಚ್ಚಿ, 'ಎಲ್‌ಎಸ್‌ಯುಎಸ್‌ಬಿ'ಗೆ ಟಿ ಆಯ್ಕೆ ಕೊಡಿ. ಮರದ ಹಾಗೆ ಸಾಲುಗಳು ಬರುತ್ತವೆ. ನನಗೆ ಬುಡದಲ್ಲಿ ಇಎಚ್‌ಸಿಐ-ಪಿಸಿಐ, ತುದಿಯಲ್ಲಿ ಯುಎಸ್‌ಬಿ-ಸ್ಟೋರೇಜ್ ಕಂಡಿತು. ಬುಡದಿಂದ ತುದಿಯವರೆಗಿನ ಪ್ರತಿಯೊಂದು ಡ್ರೈವರ್ ಹೆಸರನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಆಮೇಲೆ ಡಿಸ್ಕಿನ ರೂಟ್ ಪಾರ್ಟಿಷನ್ ಮೌಂಟ್ ಮಾಡಿ. ಬೂಟ್ ಪಾರ್ಟಿಷನ್ ಬೇರೆಯಿದ್ದರೆ ಅದನ್ನೂ ಮಾಡಲೇಬೇಕು, ಇಲ್ಲದಿದ್ದರೆ ಹೊಸ ಗಂಟು ಎಲ್ಲೋ ಹೋಗಿ ಕೂರುತ್ತದೆ. ಲೈವ್ ಸಿಸ್ಟಮ್‌ನ ಡೆವ್, ಪ್ರಾಕ್, ಸಿಸ್ ಫೋಲ್ಡರ್ ಮೂರನ್ನೂ ಅದರೊಳಗೆ ಬೈಂಡ್ ಮೌಂಟ್ ಮಾಡಿ, 'ಸಿಎಚ್‌ರೂಟ್' ಕೊಟ್ಟು ಡಿಸ್ಕಿನ ಸಿಸ್ಟಮ್ ಒಳಗೆ ಹೋಗಿ. ಇಟಿಸಿಯೊಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನಲ್ಲಿ ಮಾಡ್ಯೂಲ್ಸ್ ಎಂಬ ಫೈಲಿದೆ. ಬರೆದುಕೊಂಡ ಹೆಸರುಗಳನ್ನು ಸಾಲಿಗೊಂದರಂತೆ ಸೇರಿಸಿ. ಡಿಸ್ಕ್ ಯಂತ್ರದಿಂದ ಯಂತ್ರಕ್ಕೆ ಓಡಾಡುವುದಾದರೆ ಇನ್ನೂ ಒಳ್ಳೆಯ ದಾರಿಯಿದೆ: ಅಲ್ಲಿನ ಕಾನ್ಫ್.ಡಿಯೊಳಗಿನ ಡ್ರೈವರ್-ಪಾಲಿಸಿ ಫೈಲಿನಲ್ಲಿ 'ಡೆಪ್' (ಈ ಯಂತ್ರಕ್ಕೆ ಬೇಕಾದಷ್ಟೇ) ಎಂದಿರುವುದನ್ನು 'ಮೋಸ್ಟ್' (ಹೆಚ್ಚಿನ ಎಲ್ಲ ಡ್ರೈವರ್) ಮಾಡಿ. ಮುಖ್ಯ ಕಾನ್ಫ್ ಫೈಲಿನಲ್ಲಿ ಬದಲಿಸಿದರೆ ಪ್ರಯೋಜನವಿಲ್ಲ, ಈ ಫೈಲಿನ ಮಾತೇ ನಡೆಯುತ್ತದೆ. ಕೊನೆಗೆ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್' ಯು ಆಯ್ಕೆಯೊಂದಿಗೆ ಓಡಿಸಿ.

ರೀಬೂಟ್ ಮಾಡುವ ಮುಂಚೆ 'ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್'ನಿಂದ ಗಂಟು ಬಿಚ್ಚಿ, ಕಾಗದದ ಹೆಸರುಗಳಿಗೆ ಒಂದೊಂದಾಗಿ ಟಿಕ್ ಹಾಕಿ.

ಕರ್ನಲ್ ಲಾಗಿನಲ್ಲಿ 517 ಎಂಬ ಸಂಖ್ಯೆ ಕಂಡರೆ ಗಾಬರಿ ಬೇಡ. ತನಗೆ ಬೇಕಾದದ್ದು ಇನ್ನೂ ಬಂದಿಲ್ಲ, ಆಮೇಲೆ ಮತ್ತೆ ಕರೆಯಿರಿ ಎಂದು ಡ್ರೈವರ್ ಹೇಳುವ ಮಾತದು. ಬೇರೆ ಡ್ರೈವರ್ ಯಶಸ್ವಿಯಾದ ಕೂಡಲೇ ಕರ್ನಲ್ ಮತ್ತೆ ಯತ್ನಿಸುತ್ತದೆ. ಕೊನೆಯವರೆಗೂ ಕಾದೇ ಉಳಿದವುಗಳ ಹೆಸರು ಕರ್ನಲ್ ತನ್ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ 'ಡಿವೈಸಸ್_ಡೆಫರ್ಡ್' ಫೈಲಿನಲ್ಲಿರುತ್ತದೆ.

ನನ್ನ ಕಾಗದದ ಕೊನೆಯ ಟಿಕ್ ಬಿದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಈ ಸಲ ಲಾಗಿನ್ ಪರದೆ ಬಂತು. ಚೆಕ್‌ರೋಲ್ ತೆರೆದು ಶುಕ್ರವಾರದ ಹಾಜರಿ ತುಂಬಿಸಲು ಕೂತೆ.