ನ್ಯೂಜಿಲೆಂಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಹೊಸದಾಗಿ ಬಂದವರಿಗೆ

ಊರಿನಲ್ಲಿ ಆರ್‌ಟಿಒ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಇಲ್ಲಿ ಕಾರು ಕೊಳ್ಳುವುದು ಸಂತೆಯಲ್ಲಿ ತರಕಾರಿ ಕೊಂಡಷ್ಟು ಹಗುರವಾಗಿ ಕಾಣುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರೂ ಕೊಳ್ಳಬಹುದು. ಪಾಸ್‌ಪೋರ್ಟು, ಲೈಸೆನ್ಸು ಹಿಡಿದು ವಿಟಿಎನ್‌ಜೆಡ್ ಎಂಬ ವಾಹನ ತಪಾಸಣಾ ಕೇಂದ್ರಕ್ಕೋ ಎಎ ಎಂಬ ವಾಹನ ಸವಾರರ ಸಂಘದ ಕೇಂದ್ರಕ್ಕೋ ಹೋಗಿ, ಎಂಆರ್13ಬಿ ಎಂಬ ಅರ್ಜಿ ತುಂಬಿ ಕೊಟ್ಟರೆ ಕಾರು ನಿಮ್ಮ ಹೆಸರಿಗೆ ಬರುತ್ತದೆ. ವಿಳಾಸ ಮಾತ್ರ ಇಲ್ಲಿಯದೇ ಬೇಕು. ನೆಂಟರದ್ದೋ ಸ್ನೇಹಿತರದ್ದೋ ಕೊಡಿ, ಆದರೆ ಅವರನ್ನು ಮೊದಲೇ ಕೇಳಿ.

ಈ ಸರಾಗತನವೇ ನಮ್ಮವರನ್ನು ಮೋಸಗೊಳಿಸುತ್ತದೆ. ನಿಮ್ಮ ಹೆಸರು ದಾಖಲೆಯಲ್ಲಿ ಬಂದ ಮಾತ್ರಕ್ಕೆ ನೀವು ಮಾಲೀಕರೆಂದು ಕಾನೂನು ಒಪ್ಪುವುದಿಲ್ಲ. ಆ ದಾಖಲೆ ಹೇಳುವುದು ಕಾರಿನ ಹೊಣೆ ಯಾರದು ಎಂಬುದನ್ನಷ್ಟೇ. ಆದ್ದರಿಂದ ದಿನಾಂಕ, ಬೆಲೆ, ಇಬ್ಬರ ಸಹಿಯೂ ಇರುವ ರಸೀದಿ ಬರೆಸಿಕೊಳ್ಳಿ. ಅದಕ್ಕೂ ಮುನ್ನ ಪಿಪಿಎಸ್ಆರ್ ಎಂಬ ಸರ್ಕಾರಿ ನೋಂದಣಿಯಲ್ಲಿ ಕಾರಿನ ನಂಬರು ಹಾಕಿ, ಅದರ ಮೇಲೆ ಸಾಲವಿದೆಯೇ ನೋಡಿ. ಖಾಸಗಿಯವರಿಂದ ಕೊಂಡ ಕಾರಿನ ಮೇಲೆ ಹಳೆಯ ಸಾಲ ಉಳಿದಿದ್ದರೆ, ಸಾಲ ಕೊಟ್ಟವರು ನಿಮ್ಮ ಮನೆಯ ಮುಂದಿನಿಂದಲೇ ಅದನ್ನು ಎಳೆದೊಯ್ಯಬಹುದು. ಕೆಲವೇ ಡಾಲರ್ ಖರ್ಚಿನ ಹುಡುಕಾಟವಿದು. ಇದಕ್ಕೆ ಜಿಪುಣತನ ಮಾಡಬೇಡಿ.

ಇಲ್ಲಿ ದಿನವೂ ಕೇಳುವ ಎರಡು ಪದಗಳಿವೆ: ರೆಜೋ ಮತ್ತು ವಾರಂಟ್. ರೆಜೋ ಎಂದರೆ ರಸ್ತೆಯ ಮೇಲೆ ಓಡಿಸಲು ಕಟ್ಟುವ ಲೈಸೆನ್ಸ್ ಶುಲ್ಕ. 3, 6 ಅಥವಾ 12 ತಿಂಗಳಿಗೆ ಕಟ್ಟಬಹುದು. ಮಾರಿದಾಗ ಉಳಿದ ಅವಧಿ ಕಾರಿನೊಂದಿಗೇ ಹೋಗುತ್ತದೆ. ವಾರಂಟ್ ಎಂದರೆ ಸುರಕ್ಷತೆಯ ತಪಾಸಣೆಯ ಪತ್ರ. ಮಾರುವವರು ಕಳೆದ ಒಂದು ತಿಂಗಳೊಳಗೆ ಮಾಡಿಸಿದ ವಾರಂಟ್ ಕೊಡಬೇಕು. ‘ಇದ್ದ ಹಾಗೆಯೇ ಕೊಳ್ಳುತ್ತೇನೆ’ ಎಂದು ನೀವು ಬರೆದು ಕೊಟ್ಟರೆ ಆ ಹಕ್ಕು ಹೋಯಿತು. ಟೈರು, ಬ್ರೇಕು, ದೀಪ, ಸೀಟ್ ಬೆಲ್ಟು, ತುಕ್ಕು ಇವನ್ನು ವಾರಂಟಿನವರು ನೋಡುತ್ತಾರೆ. ಎಂಜಿನ್ನೂ ಗೇರ್‌ಬಾಕ್ಸೂ ಎಷ್ಟು ದಿನ ಬಾಳುತ್ತವೆ ಎಂಬುದು ಅವರ ಕೆಲಸವಲ್ಲ.

ಇದು ನನಗೆ ತಿಳಿದದ್ದು ತಡವಾಗಿ. ನನ್ನ ಮೊದಲ ಕಾರಿಗೆ ಹೊಸ ವಾರಂಟ್ ಇತ್ತು, ಬಣ್ಣ ಫಳಫಳ ಹೊಳೆಯುತ್ತಿತ್ತು, ಮಾರಿದವರು ಚಹಾ ಕೂಡ ಕೊಟ್ಟರು. ಎರಡನೆಯ ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ದುರಸ್ತಿಗೆ ಆಗಿದ್ದು ಕಾರಿನ ಬೆಲೆಯ ಅರ್ಧ. ಅಂದಿನಿಂದ ಕೊಳ್ಳುವ ಮೊದಲೇ ಬೇರೆ ಮೆಕ್ಯಾನಿಕ್‌ನಿಂದ ಪೂರ್ತಿ ತಪಾಸಣೆ ಮಾಡಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ‘ಈಗಲೇ ಇನ್ನೊಬ್ಬರು ಬರುತ್ತಿದ್ದಾರೆ’ ಎಂದು ಮಾರುವವರು ಅವಸರ ಮಾಡಿದರೆ, ಆ ಇನ್ನೊಬ್ಬರೇ ಕೊಳ್ಳಲಿ ಬಿಡಿ. ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ಬೆಲೆ ಸ್ವಲ್ಪ ಹೆಚ್ಚು, ಆದರೆ 1993ರ ಗ್ರಾಹಕ ಖಾತರಿ ಕಾಯ್ದೆ ನಿಮ್ಮ ಬೆನ್ನಿಗಿರುತ್ತದೆ. ಖಾಸಗಿ ಮಾರಾಟಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ಇಲ್ಲಿನ ಬಹಳಷ್ಟು ಹಳೆಯ ಕಾರುಗಳು ಜಪಾನಿನಲ್ಲಿ ಓಡಿ ಬಂದವು. ಸ್ಟಿಯರಿಂಗ್ ಬಲಕ್ಕೆ, ಓಡಿಸುವುದು ಎಡಕ್ಕೆ. ನಮಗೆ ಅದು ಅಭ್ಯಾಸವೇ. ಪರದೆಯ ಮೇಲೆ ಜಪಾನಿ ಅಕ್ಷರ ಕಂಡು ಗಾಬರಿಯಾಗಬೇಡಿ. ರೇಡಿಯೋದಲ್ಲಿ ಇಲ್ಲಿನ ಬಹುತೇಕ ಕೇಂದ್ರಗಳು ಸಿಗದಿದ್ದರೆ ಅದೂ ಕೆಟ್ಟಿಲ್ಲ, ಜಪಾನಿನ ಎಫ್‌ಎಂ ತರಂಗಾಂತರಗಳೇ ಬೇರೆ. ಡೀಸೆಲ್ ಕಾರಾದರೆ ಇನ್ನೊಂದು ಲೆಕ್ಕವಿದೆ: ಓಡುವ ದೂರಕ್ಕೆ ಮೊದಲೇ ರಸ್ತೆ ಬಳಕೆ ಶುಲ್ಕ ಕಟ್ಟಬೇಕು, 1000 ಕಿಲೋಮೀಟರಿನ ಲೆಕ್ಕದಲ್ಲಿ. 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳಿಗೂ ಇದು ಇದೆ. ಕೊಳ್ಳುವಾಗ ಓಡೋಮೀಟರಿನ ಅಂಕಿಯನ್ನು, ಎಷ್ಟು ಕಿಲೋಮೀಟರಿನವರೆಗೆ ಈ ಶುಲ್ಕ ಕಟ್ಟಿದೆ ಎಂದು ತೋರಿಸುವ ಗಾಜಿನ ಮೇಲಿನ ಚೀಟಿಯ ಅಂಕಿಯೊಂದಿಗೆ ಹೋಲಿಸಿ ನೋಡಿ.

ಇನ್ನು ವಿಮೆ. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲಿ ಯಾವ ವಿಮೆಯೂ ಕಡ್ಡಾಯವಲ್ಲ. ಅಪಘಾತದಲ್ಲಿ ಗಾಯವಾದರೆ ತಪ್ಪು ಯಾರದೇ ಇರಲಿ, ಚಿಕಿತ್ಸೆಗೆ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ ನೆರವಾಗುತ್ತದೆ, ಪ್ರವಾಸಿಗಳಿಗೂ. ರೆಜೋದಲ್ಲಿಯೇ ಅದರ ಪಾಲು ಸೇರಿದೆ. ಆದರೆ ನೀವು ಗುದ್ದಿದ ಕಾರಿನ ಡೊಂಕು ಎಸಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಅದು ಯಾರದೋ ದುಬಾರಿ ಕಾರಾದರೆ ಆ ಬಿಲ್ಲು ಪೂರ್ತಿ ನಿಮ್ಮದೇ. ಆದ್ದರಿಂದ ಕನಿಷ್ಠ ಥರ್ಡ್ ಪಾರ್ಟಿ ವಿಮೆಯಾದರೂ ಇರಲಿ. ವಿಮೆ ಮಾಡಿಸುವಾಗ ನಿಮ್ಮ ಲೈಸೆನ್ಸು ಭಾರತದ್ದು ಎಂಬುದನ್ನೂ ಕಾರನ್ನು ಇನ್ನು ಯಾರು ಓಡಿಸುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಮುಚ್ಚಿಟ್ಟರೆ ಹಣ ಕೇಳುವಾಗ ಅದೇ ಕಾರಣಕ್ಕೆ ಕೈ ತೊಳೆದುಕೊಳ್ಳುತ್ತಾರೆ. ಎಕ್ಸೆಸ್ ಎಷ್ಟು, ಅಂದರೆ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ ಎಷ್ಟು ಎಂದೂ ಕೇಳಿ. 25 ದಾಟದ ಹುಡುಗರಿಗೆ ಇದು ಸಾಮಾನ್ಯವಾಗಿ ಹೆಚ್ಚು.

ಹಿಂದಿರುಗುವಾಗ ಮಾರಲು ಕೊನೆಯ ವಾರದವರೆಗೆ ಕಾಯಬೇಡಿ. ವಿಮಾನದ ತಾರೀಖು ತಿಳಿದವರು ಬೆಲೆ ಇಳಿಸುತ್ತಾರೆ. ಮಾರಿದ ದಿನವೇ ‘ನಾನು ಮಾರಿದ್ದೇನೆ’ ಎಂಬ ಸೂಚನೆ ಸಲ್ಲಿಸಿ. ಕೊಂಡವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆಂದು ನಂಬಿ ಹೊರಟರೆ, ಅವರು ಎಲ್ಲೋ ತಪ್ಪಾಗಿ ನಿಲ್ಲಿಸಿದ ಕಾರಿನ ದಂಡದ ಚೀಟಿ ನೀವು ವಿಳಾಸ ಕೊಟ್ಟ ಆ ನೆಂಟರ ಮನೆಗೆ ಬಂದು ಬೀಳುತ್ತದೆ.